ಪಾಟಾ ಬಿಚ್ಚಿದರೆ ಹೌಸಿಂಗ್ ಹಿಡಿಯುವವರು ಯಾರು?



ರಾಯಚೂರಿನಿಂದ ಮಾನ್ವಿ ದಾಟಿ ಸಿಂಧನೂರಿನ ಕಡೆ ಹೋಗುವವರಿಗೆ ಪೋತ್ನಾಳ ಗೊತ್ತಿರುತ್ತದೆ. ಭತ್ತದ ಲಾರಿಗಳು ನಿಂತು ಹೋಗುವ ಊರು. ಲಾರಿ ನಿಲ್ಲುವ ಕಡೆ ಚಹಾದಂಗಡಿ, ಪಂಕ್ಚರ್ ಅಂಗಡಿ, ಪಾಟಾ ಅಂಗಡಿ ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಅಂಥ ಒಂದು ಪಾಟಾ ಅಂಗಡಿಯ ಮುಂದೆ ಎರಡು ವರ್ಷದ ಹಿಂದೆ ನನ್ನ ತಮ್ಮನ ಅಂಬಾಸಿಡರ್ ಕಾರು ಹಿಂಭಾಗ ಕುಸಿದು ನಿಂತಿತ್ತು. ಎಡಗಡೆಯ ಹಿಂದಿನ ಚಕ್ರ ಮಡ್ಗಾರ್ಡಿಗೆ ಉಜ್ಜಿ ರಬ್ಬರ್ ಸುಟ್ಟ ವಾಸನೆ ಬರುತ್ತಿತ್ತು. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಕಾರಿನ ಬಗ್ಗೆ, ಮತ್ತು ಹಳೆಯ ಕಾರುಗಳ ಹಿಂದಿನ ಪಾಟಾ, ಅಂದರೆ ಎಲೆ ಎಲೆಯಾಗಿ ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು, ತೆಗೆಸಿ ಕಾಯಿಲ್‌ಓವರ್ ಹಾಕಿಸಬೇಕೆಂಬ ಆಸೆಯ ಬಗ್ಗೆ.

ಕಾರು 1986ರದು. ಮಾರ್ಕ್ 4. ಅಪ್ಪ ಕೊಂಡದ್ದು. ನಮ್ಮ ಓಣಿಯಲ್ಲಿ ಹೆರಿಗೆ ಬೇನೆ ಬಂದರೆ, ಹಾವು ಕಡಿದರೆ, ಮದುವೆ ದಿಬ್ಬಣ ಹೊರಟರೆ ಅದೇ ಕಾರು. ಮಾನ್ವಿಯ ದವಾಖಾನೆಗೆ, ಅಲ್ಲಿ ಆಗದಿದ್ದರೆ ರಾಯಚೂರಿಗೆ ಅದೆಷ್ಟು ಸಲ ಓಡಿತೋ ಲೆಕ್ಕ ಇಟ್ಟವರಿಲ್ಲ. ಅಪ್ಪ ಹೋದ ಮೇಲೆ ಅದನ್ನು ಮಾರಲು ನಮಗಿಬ್ಬರಿಗೂ ಮನಸ್ಸಾಗಲಿಲ್ಲ. ತಮ್ಮ ಅದನ್ನು ದೊಡ್ಡ ಊರಿಗೆ ಒಯ್ದು ಬಣ್ಣ ಹೊಡೆಸಿದ, ಸೀಟು ಹೊಲಿಸಿದ. ಹಿಂದೆ ಕುಲುಕಾಟ ಜಾಸ್ತಿ ಎಂದು ಹೇಳಿದಾಗ ಅಲ್ಲಿಯ ಗ್ಯಾರೇಜಿನವರು ಕಾಯಿಲ್‌ಓವರ್ ಹಾಕಿ ಕೊಟ್ಟರು. ಗ್ಯಾರೇಜಿನ ಹೆಸರು ಬೇಡ. ಅವರು ಮಾಡಿದ ಕೆಲಸವನ್ನಷ್ಟೇ ಹೇಳುತ್ತೇನೆ.

ಕಾಯಿಲ್‌ಓವರ್ ಎಂದರೆ ಹೊಸ ವಸ್ತುವೇನಲ್ಲ. ನಿಮ್ಮ ಮನೆಯ ಮುಂದೆ ನಿಂತಿರುವ ಮೋಟಾರ್ ಸೈಕಲ್ಲಿನ ಹಿಂದಿನ ಶಾಕಪ್ ನೋಡಿ. ನಡುವೆ ಎಣ್ಣೆ ತುಂಬಿದ ಕೊಳವೆ, ಅದರ ಸುತ್ತ ಸುರುಳಿ ಸ್ಪ್ರಿಂಗು. ಕಾಯಿಲ್‌ಓವರ್ ಎಂದರೆ ಅಷ್ಟೇ. ಭಾರ ಹೊರುವುದು ಸುರುಳಿ. ಆ ಸುರುಳಿ ಒಮ್ಮೆ ಕುಣಿದರೆ ಕುಣಿಯುತ್ತಲೇ ಇರದಂತೆ ತಡೆಯುವುದು ಒಳಗಿನ ಎಣ್ಣೆ. ಎರಡನ್ನೂ ಒಂದೇ ಕಂಬದಲ್ಲಿ ಕೂಡಿಸಿದ್ದಾರೆ. ಇದಕ್ಕೆ ಹತ್ತಿರದ ಇನ್ನೊಂದು ಜೋಡಣೆ ಕಾರಿನ ಮುಂಭಾಗದಲ್ಲಿ ಬಂತು. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ ರೂಪಿಸಿದ ಸ್ಟ್ರಟ್ ಅದು. 1950ರ ಹೊತ್ತಿಗೆ ಇಂಗ್ಲೆಂಡಿನ ಫೋರ್ಡ್ ಕಾರುಗಳಲ್ಲಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ನಮ್ಮ ಹಳ್ಳಿಯ ಮೆಕ್ಯಾನಿಕರೂ ಅದನ್ನು ಬಿಚ್ಚಿ ಜೋಡಿಸಲು ಕಲಿತರು.

ಅಂಬಾಸಿಡರ್ ಅದಕ್ಕಿಂತ ಹಿಂದಿನ ತಲೆಮಾರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಅಚ್ಚಿನಿಂದ ತೆಗೆದ ಕಾರು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು. 2014ರ ಮೇ ತಿಂಗಳಲ್ಲಿ ಅಲ್ಲಿ ಕೆಲಸ ನಿಂತಿತು. ಮುಂದಿನ ಚಕ್ರಗಳಿಗೆ ತಿರುಚುವ ಕಂಬಿ, ಅಂದರೆ ಟಾರ್ಷನ್ ಬಾರ್. ಹಿಂದೆ ಎತ್ತಿನ ಗಾಡಿಯ ಅಚ್ಚಿನ ಹಾಗೆ ಅಡ್ಡಕ್ಕೆ ಒಂದೇ ಹೌಸಿಂಗು, ಅಂದರೆ ಅಚ್ಚನ್ನು ಒಳಗಿಟ್ಟುಕೊಂಡ ಕವಚ, ಅದರ ಎರಡೂ ತುದಿಗೆ ಒಂದೊಂದು ಪಾಟಾ ಕಟ್ಟು. ಮುಂಬೈಯ ಪ್ರೀಮಿಯರ್ ಪದ್ಮಿನಿಗೂ ಹಿಂದೆ ಪಾಟಾ. ಮಹೀಂದ್ರಾ ಜೀಪಿಗಂತೂ ನಾಲ್ಕೂ ಚಕ್ರಕ್ಕೆ ಪಾಟಾ. ನಮ್ಮ ದೇಶದ ರಸ್ತೆ ಹೇಗಿತ್ತೋ ಗಾಡಿಯೂ ಹಾಗೆಯೇ ಇತ್ತು.

ತಮ್ಮನ ಕಾರಿಗೆ ಆ ಗ್ಯಾರೇಜಿನವರು ಮಾಡಿದ್ದು ಇಷ್ಟು. ಪಾಟಾ ಪೂರ್ತಿ ತೆಗೆಯಲಿಲ್ಲ. ಕಟ್ಟಿನಿಂದ ಎರಡೆರಡು ಎಲೆ ಹೊರಗೆ ತೆಗೆದರು. ಎಲೆ ಕಡಿಮೆಯಾದರೆ ಪಾಟಾ ಮೆತ್ತಗಾಗುತ್ತದೆ. ಕಡಿಮೆಯಾದ ಬಲವನ್ನು ತುಂಬಲು ಹಳೆಯ ಶಾಕಪ್ ತೆಗೆದು, ಅದೇ ಬೋಲ್ಟಿಗೆ, ಅದೇ ಹಿಡಿಕೆಗೆ ಸುರುಳಿ ಸುತ್ತಿದ ಶಾಕಪ್ ಕೂರಿಸಿದರು. ನಗರದ ನುಣುಪು ರಸ್ತೆಯಲ್ಲಿ ಹದಿನೈದು ದಿನ ಕಾರು ಹೂವಿನ ಹಾಗೆ ಓಡಿತು. ತಮ್ಮ ಫೋನು ಮಾಡಿ ಹೇಳಿದ ಖುಷಿ ಇನ್ನೂ ನನ್ನ ಕಿವಿಯಲ್ಲಿದೆ. ಸುಗ್ಗಿಗೆ ಊರಿಗೆ ಬಂದ. ಡಿಕ್ಕಿಯಲ್ಲಿ ಎರಡು ಚೀಲ ಭತ್ತ, ಒಳಗೆ ಐದು ಜನ. ಪೋತ್ನಾಳದ ಹತ್ತಿರ ಒಂದು ಗುಂಡಿಗೆ ಚಕ್ರ ಇಳಿದದ್ದೇ ಹಿಂದೆ ಪಟಾರನೆ ಸದ್ದಾಯಿತು.

ಪಾಟಾ ಅಂಗಡಿಯ ಉಸ್ತಾದರು ವಯಸ್ಸಾದವರು. ನಾನು ಅವರನ್ನು ಚಾಚಾ ಎನ್ನುತ್ತೇನೆ, ಅವರು ನನ್ನನ್ನು ಮಾಸ್ತರ್ ಎನ್ನುತ್ತಾರೆ. ಐಟಿಐಯಲ್ಲಿ ಮೋಟಾರು ವಾಹನದ ಪಾಠ ಹೇಳಿದವನು ನಾನು. ಅವರು ಯಾವ ಶಾಲೆಯಲ್ಲೂ ಈ ವಿದ್ಯೆ ಕಲಿತವರಲ್ಲ. ಡಿಕ್ಕಿಯ ಚೀಲ ಇಳಿಸಿ, ಮ್ಯಾಟು ಎತ್ತಿ, ಟಾರ್ಚು ಬಿಟ್ಟು ತೋರಿಸಿದರು. ಶಾಕಪ್ಪಿನ ಮೇಲಿನ ತುದಿಯನ್ನು ಬೋಲ್ಟು ಹಾಕಿ ಕೂರಿಸಿದ್ದ ತಗಡು ಅಂಗೈಯಗಲ ಸೀಳಿ ಮೇಲಕ್ಕೆದ್ದಿತ್ತು. ಹೊಸ ಬಣ್ಣದ ಅಂಚಿನಲ್ಲಿ ಬೆಳ್ಳಗೆ ಕಬ್ಬಿಣ ಹೊಳೆಯುತ್ತಿತ್ತು. ಸೀಳಿನ ಒಂದು ತುದಿಗೆ ಮಾತ್ರ ಕೆಂಪು ತುಕ್ಕು. ಅಂದರೆ ಬಿರುಕು ಅವತ್ತು ಬಿಟ್ಟದ್ದಲ್ಲ. ವಾರಗಳಿಂದ ಬಿಡುತ್ತಾ ಬಂದು ಅವತ್ತು ಮುಗಿದಿತ್ತು.

ಕಾರಣ ನೋಡಿ. ಹಳೆಯ ಕಾರಿನಲ್ಲಿ ಶಾಕಪ್ಪಿನ ಕೆಲಸ ಕುಣಿತ ತಡೆಯುವುದು ಮಾತ್ರ. ಗಾಡಿ ನಿಂತಿರುವಾಗ ಅದರ ಮೇಲೆ ಭಾರವೇ ಇಲ್ಲ. ಭಾರವೆಲ್ಲ ಪಾಟಾದ ಮುಂದಿನ ಕಿವಿಗೆ, ಹಿಂದಿನ ಶಾಕಲಿಗೆ, ಅಂದರೆ ತೂಗುವ ಕೊಂಡಿಗೆ. ಅಲ್ಲಿ ಕಾರಿನ ಅಡಿಯಲ್ಲಿ ಗಟ್ಟಿ ಪೆಟ್ಟಿಗೆಯಂಥ ತೊಲೆ ಇಟ್ಟಿದ್ದಾರೆ. ಅಂಬಾಸಿಡರಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ತೊಲೆ ಇರುವ ಕಡೆ ಬಲ, ಇಲ್ಲದ ಕಡೆ ಬರೀ ತಗಡು. ಶಾಕಪ್ಪಿನ ಹಿಡಿಕೆ ಎಷ್ಟು ತಡೆಯಬೇಕೋ ಅಷ್ಟಕ್ಕೇ ಮಾಡಿದ್ದು. ಅದೇ ಹಿಡಿಕೆಗೆ ಸುರುಳಿ ಸ್ಪ್ರಿಂಗ್ ಕೂರಿಸಿದ ಮರುಕ್ಷಣ ಕಾರಿನ ಹಿಂಭಾಗದ ಭಾರದಲ್ಲಿ ದೊಡ್ಡ ಪಾಲು ಅಲ್ಲಿಗೆ ಬಂದು ಕೂರುತ್ತದೆ. ಗುಂಡಿಗೆ ಬಿದ್ದಾಗ ಅದರ ಹಲವು ಪಟ್ಟು. ಮನೆಯ ತೊಲೆಯ ಭಾರವನ್ನು ತಂದು ಕಿಟಕಿಯ ಚೌಕಟ್ಟಿನ ಮೇಲಿಟ್ಟರೆ ಏನಾಗುತ್ತದೋ ಅದೇ ಆಯಿತು.

ಎರಡು ಚೀಲ ಭತ್ತ ಎಂದೆನಲ್ಲ. ನಮ್ಮ ಕಡೆ ಭತ್ತದ ಚೀಲ 75 ಕಿಲೋ. ಎರಡಕ್ಕೆ 150. ಒಂದೊಂದು ಸ್ಪ್ರಿಂಗೂ ಒಂದು ಮಿಲಿಮೀಟರ್ ತಗ್ಗಲು 3 ಕಿಲೋ ಕೇಳುತ್ತದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಎರಡೂ ಸೇರಿ 6 ಕಿಲೋ. 150ನ್ನು 6ರಿಂದ ಭಾಗಿಸಿದರೆ 25 ಮಿಲಿಮೀಟರ್. ಬರೀ ಚೀಲಕ್ಕೇ ಒಂದಂಗುಲ ಕುಸಿತ. ಡಿಕ್ಕಿ ಹಿಂದಿನ ಅಚ್ಚಿನಿಂದ ಆಚೆಗಿರುವುದರಿಂದ ಸನ್ನೆಗೋಲಿನ ಹಾಗೆ ಮುಂಭಾಗ ಎದ್ದು ಹಿಂಭಾಗ ಇನ್ನೂ ಸ್ವಲ್ಪ ತಗ್ಗುತ್ತದೆ. ಭಾರ ಎಷ್ಟೋ ಸ್ಪ್ರಿಂಗಿನ ಕುಸಿತವೂ ಅಷ್ಟೇ ಪಾಲು ಎಂಬ ಈ ಲೆಕ್ಕವನ್ನು ರಾಬರ್ಟ್ ಹುಕ್ 1678ರಲ್ಲಿ ಅಚ್ಚು ಹಾಕಿಸಿದ. ಪೋತ್ನಾಳದ ಚಾಚಾ ಅದನ್ನು ಗೇಣಿನಲ್ಲಿ ಅಳೆಯುತ್ತಾರೆ. ಚಕ್ರಕ್ಕೂ ಮಡ್ಗಾರ್ಡಿಗೂ ನಡುವೆ ಬೆರಳಿಟ್ಟು, ಗಾಡಿಯೊಳಗೆ ನಾಲ್ಕು ಜನರನ್ನು ಕೂರಿಸಿ, ಮತ್ತೆ ಬೆರಳಿಟ್ಟು ನೋಡುತ್ತಾರೆ.

ತಮ್ಮ ಹಠ ಬಿಡಲಿಲ್ಲ. ಅರ್ಧ ಕೆಲಸ ಮಾಡಿದ್ದಕ್ಕೆ ಹೀಗಾಯಿತು, ಪಾಟಾ ಪೂರ್ತಿ ತೆಗೆಸಿ ನಿಜವಾದ ಕಾಯಿಲ್‌ಓವರ್ ಹಾಕಿಸಿಬಿಡೋಣ ಎಂದ. ಅವನ ಮಾತು ಅರ್ಥವಿಲ್ಲದ್ದೇನಲ್ಲ. ಚಾಚಾ ಕೈಯೊರೆಸಿಕೊಳ್ಳುತ್ತಾ ಹೇಳಿದ್ದು ಇದು:

"ಪಾಟಾ ಬರೇ ಸ್ಪ್ರಿಂಗ್ ಅಲ್ರೀ ಮಾಸ್ತರ್, ಹೌಸಿಂಗ್ ಹಿಡ್ಕೊಂಡಿರೋ ಕೈ ಅದು. ಪಾಟಾ ಬಿಚ್ಚಿದ್ರ ಹೌಸಿಂಗ್ ಯಾರ್ ಹಿಡೀಬೇಕು?"

ನಾನು ಬೋರ್ಡಿನ ಮೇಲೆ ಚಿತ್ರ ಬರೆದು ಅರ್ಧ ಗಂಟೆ ಹೇಳುತ್ತಿದ್ದ ಪಾಠ ಆ ಒಂದು ಪ್ರಶ್ನೆಯೊಳಗಿತ್ತು. ಚಕ್ರ ರಸ್ತೆಯನ್ನು ಹಿಂದಕ್ಕೆ ತಳ್ಳಿದಾಗ ಹೌಸಿಂಗು ಕಾರನ್ನು ಮುಂದಕ್ಕೆ ನೂಕಬೇಕು. ಆ ನೂಕುವಿಕೆ ಹೋಗುವುದು ಪಾಟಾದ ಮುಂದಿನ ಅರ್ಧದ ಮೂಲಕ. ಬ್ರೇಕು ಒತ್ತಿದಾಗ ಹೌಸಿಂಗು ತಾನೇ ತಿರುಗಿಬಿಡಲು ನೋಡುತ್ತದೆ, ತಡೆಯುವುದು ಪಾಟಾ. ತಿರುವಿನಲ್ಲಿ ಹಿಂಭಾಗ ಹೊರಕ್ಕೆ ಸರಿಯದಂತೆ ಅಡ್ಡಕ್ಕೆ ಹಿಡಿಯುವುದೂ ಪಾಟಾ. ಎಲೆಗೆ ಎಲೆ ಉಜ್ಜಿ ಕುಣಿತವನ್ನು ಒಂದಿಷ್ಟು ನುಂಗುವುದೂ ಅದೇ. ಸುರುಳಿ ಸ್ಪ್ರಿಂಗಿಗೆ ಗೊತ್ತಿರುವುದು ಮೇಲೆ ಕೆಳಗೆ ಎರಡೇ. ಹಾಗಾಗಿ ಪಾಟಾ ತೆಗೆದ ಕಡೆ ಹೌಸಿಂಗನ್ನು ಮುಂದಕ್ಕೆ ಕಟ್ಟಲು ಉದ್ದನೆಯ ತೋಳುಗಳು ಬೇಕು. ತಿರುಗದಂತೆ ಮೇಲೊಂದು ಕೆಳಗೊಂದು ಎಂದು ಎರಡೂ ಬದಿಗೆ ಸೇರಿ ನಾಲ್ಕು ತೋಳು ಹಾಕುವುದು ರೂಢಿ. ಅಡ್ಡಕ್ಕೆ ಸರಿಯದಂತೆ ಒಂದು ತುದಿ ಹೌಸಿಂಗಿಗೆ, ಇನ್ನೊಂದು ತುದಿ ಬಾಡಿಗೆ ಕಟ್ಟಿದ ಪ್ಯಾನ್‌ಹಾರ್ಡ್ ರಾಡು. ಈ ತೋಳುಗಳ ಬುಡ ಕೂರಲು ತೊಲೆಗೆ ಹೊಸ ಬ್ರ್ಯಾಕೆಟ್ಟು. ಶಾಕಪ್ಪಿನ ಮೇಲಿನ ತುದಿಗೆ ಎಡಗಡೆಯ ತೊಲೆಯಿಂದ ಬಲಗಡೆಯ ತೊಲೆಗೆ ಒಂದು ಅಡ್ಡ ಕೊಳವೆ. ಇಷ್ಟಾದ ಮೇಲೆ ಎಂಜಿನ್ ಕಡೆಯಿಂದ ಹೌಸಿಂಗಿಗೆ ಬರುವ ಜಾಯಿಂಟು ರಾಡಿನ ಕೋನ ಕೆಡದಂತೆ ಕೂರಿಸಬೇಕು, ಇಲ್ಲವಾದರೆ ವೇಗ ಹೆಚ್ಚಿದಂತೆ ನೆಲ ನಡುಗುತ್ತದೆ. ಹೌಸಿಂಗು ಪೂರ್ತಿ ಕೆಳಗೆ ಜೋತಾಗ ಬ್ರೇಕಿನ ರಬ್ಬರ್ ಪೈಪು ಎಳೆಯಬಾರದು, ಹ್ಯಾಂಡ್ ಬ್ರೇಕಿನ ವೈರು ಬಿಗಿಯಬಾರದು.

ಶಾಕಪ್ ವಾಲಿಸಿ ಕೂರಿಸುವ ವಿಷಯ ಒಂದಿದೆ. ಬಹಳ ಜನ ಎಡವುವುದು ಇಲ್ಲೇ. ಡಿಕ್ಕಿಯ ಜಾಗ ಉಳಿಸಲು ಅದನ್ನು ಒಳಕ್ಕೆ ಓರೆ ಮಾಡುತ್ತಾರೆ. ಹತ್ತು ಡಿಗ್ರಿ ಓರೆಯಾದರೆ ಹೆಚ್ಚು ನಷ್ಟವಿಲ್ಲ. 30 ಡಿಗ್ರಿ ಓರೆಯಾದರೆ ಸ್ಪ್ರಿಂಗಿನ ಬಲದಲ್ಲಿ ಮುಕ್ಕಾಲು ಪಾಲೇ ಗಾಡಿಗೆ ಸಿಗುವುದು. ಮಿಲಿಮೀಟರಿಗೆ 4 ಕಿಲೋ ಎಂದು ಕೊಂಡ ಸ್ಪ್ರಿಂಗು 3 ಕಿಲೋದ ಹಾಗೆ ನಡೆದುಕೊಳ್ಳುತ್ತದೆ. ಆಗ ಹಿಂಭಾಗ ಕುಸಿಯಿತೆಂದು ಪಾನಾ ತೆಗೆದುಕೊಂಡು ಶಾಕಪ್ಪಿನ ಕೆಳಗಿನ ಉಂಗುರ ತಿರುಗಿಸುತ್ತಾರೆ. ಗಾಡಿ ಎತ್ತರವಾಗುತ್ತದೆ. ಸ್ಪ್ರಿಂಗು ಗಟ್ಟಿಯಾಯಿತು ಎಂದು ಸಮಾಧಾನಪಡುತ್ತಾರೆ. ಅದು ಗಟ್ಟಿಯಾಗಿರುವುದಿಲ್ಲ. ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾದ ಸುರುಳಿಗೆ ಉಂಗುರ ತಿರುಗಿಸಿದರೆ ನಿಲ್ಲುವ ಎತ್ತರ ಬದಲಾಗುತ್ತದೆ, ಬಲ ಮೊದಲಿದ್ದಷ್ಟೇ. ಎತ್ತರಿಸಿದಷ್ಟೂ ಹೌಸಿಂಗು ಕೆಳಗೆ ಜಾರಲು ಇದ್ದ ಜಾಗ ಕಡಿಮೆಯಾಗಿ, ಗುಂಡಿಗೆ ಇಳಿದಾಗ ಶಾಕಪ್ ತುದಿಗೆ ಎಳೆದು ನಿಂತು ಬಡಿಯುತ್ತದೆ. ಬಲ ಬೇಕಿದ್ದರೆ ಸುರುಳಿಯನ್ನೇ ಬದಲಿಸಬೇಕು.

ಇಷ್ಟನ್ನೂ ಲೆಕ್ಕ ಹಾಕಿ, ಒಳ್ಳೆಯ ಬೆಸುಗೆ ಬಲ್ಲವರಿಂದ ಮಾಡಿಸಿದರೆ ಕಾಯಿಲ್‌ಓವರ್ ಕೆಟ್ಟದ್ದಲ್ಲ. ನಾನು ಅದರ ವೈರಿಯಲ್ಲ. ಕೆಲವು ಕಾರಿಗೆ ಅದು ಬೇಕೇ ಬೇಕು ಎನ್ನುವಷ್ಟು ಹೊಂದುತ್ತದೆ. ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನಲ್ಲಿ ಹಿಂದೆ ಒಂದೇ ಪಾಟಾ, ಅದೂ ಅಡ್ಡಕ್ಕೆ. ಎರಡೂ ಚಕ್ರ ಬೇರೆ ಬೇರೆ ಮೇಲೆ ಕೆಳಗೆ ಆಡುತ್ತವೆ. ಜೋರಾಗಿ ತಿರುಗಿದರೆ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಳ್ಳುವ ಭಯ. ಆ ಅಚ್ಚಿನ ಕಾರಿಟ್ಟುಕೊಂಡವರು ಹಿಂಭಾಗವನ್ನು ಹೊಸದಾಗಿ ಕಟ್ಟಿಸಿದರೆ ಅವರನ್ನು ತಪ್ಪೆನ್ನಲಾರೆ. ಓಟದ ಪಂದ್ಯಕ್ಕೆ ಇಳಿಯುವವರ ಮಾತೂ ಬೇರೆ.

ನಮ್ಮ ರಸ್ತೆಯ ಮಾತು ಮತ್ತೂ ಬೇರೆ. ಇಲ್ಲಿಯದು ಎರೆ ಭೂಮಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಹರಿದು ಈ ಸೀಮೆಗೆ ಅನ್ನ ಕೊಟ್ಟಿದೆ. ಆ ನೀರೇ ರಸ್ತೆಯ ಒಂದು ಮಗ್ಗುಲು ನೆನೆದು ಇನ್ನೊಂದು ಮಗ್ಗುಲು ಒಣಗಿರುವಂತೆಯೂ ಮಾಡಿದೆ. ಡಾಂಬರಿನ ಕೆಳಗೆ ನೆಲ ಏರುತ್ತಾ ಇಳಿಯುತ್ತಾ ಇರುತ್ತದೆ. ಅದರ ಮೇಲೆ ಗದ್ದೆಯಿಂದ ಎದ್ದು ಬಂದ ಕೇಜ್‌ವೀಲ್ ಟ್ರ್ಯಾಕ್ಟರುಗಳು. ಆ ಚಕ್ರಗಳ ಕಬ್ಬಿಣದ ಹಲ್ಲುಗಳು ಡಾಂಬರನ್ನು ಕೆತ್ತುತ್ತವೆ, ಕೆತ್ತಿದಲ್ಲಿ ಮಳೆಗೆ ಗುಂಡಿ ಬೀಳುತ್ತದೆ. ಗದ್ದೆಯಿಂದ ರಸ್ತೆಗೆ ಏರುವ ಮೊದಲು ಕೇಜ್‌ವೀಲ್ ಬಿಚ್ಚಿ ಎಂದು ರೈತ ಬಂಧುಗಳಲ್ಲಿ ಕೈಮುಗಿದು ಕೇಳುತ್ತೇನೆ. ಅದು ನಮ್ಮದೇ ರಸ್ತೆ, ನಮ್ಮದೇ ಆಂಬುಲೆನ್ಸ್ ಓಡುವ ದಾರಿ. ಇಂಥ ದಾರಿಯಲ್ಲಿ, ಒಂದು ದಿನ ಖಾಲಿ ಒಂದು ದಿನ ಭತ್ತ ಹೊರುವ ಕಾರಿಗೆ, ಕೆಟ್ಟರೆ ಹತ್ತು ಮಾರು ದೂರದಲ್ಲಿ ರಿಪೇರಿಯಾಗುವ ಪಾಟಾವೇ ಒಳ್ಳೆಯದು ಎಂದು ನನ್ನ ತೀರ್ಮಾನ.

ತಮ್ಮನೂ ಕಡೆಗೆ ಒಪ್ಪಿದ. ಅವತ್ತು ಮಧ್ಯಾಹ್ನ ಚಾಚಾ ಕೆಲಸಕ್ಕೆ ಕೂತದ್ದನ್ನು ನಾನು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ನೋಡಿದೆ. ಯು ಬೋಲ್ಟು ಬಿಚ್ಚಿ, ಕಟ್ಟನ್ನು ನೆಲಕ್ಕಿಳಿಸಿ, ನಡುವಿನ ಸೆಂಟರ್ ಬೋಲ್ಟು ತೆಗೆದದ್ದೇ ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಉದ್ದನೆಯದು ಮೇನ್ ಪಾಟಾ. ಅದರ ಎರಡು ತುದಿಯ ಕಿವಿಗಳಿಗೆ ಒಂದು ದಾರ ಎಳೆದು ಕಟ್ಟಿದರು. ದಾರದಿಂದ ಎಲೆಯ ನಡುವಿನವರೆಗೆ ಎಷ್ಟು ಆಳ ಎಂದು ಅಳೆದರು. ಬಲಗಡೆಯದಕ್ಕೂ ಎಡಗಡೆಯದಕ್ಕೂ ಎರಡು ಬೆರಳು ವ್ಯತ್ಯಾಸ. ಎಡಗಡೆಯದು ಚಪ್ಪಟೆಯಾಗಿತ್ತು. ಸೀಮೆಸುಣ್ಣದಿಂದ ಎಲೆಯ ಮೇಲೆ ಗೇಣು ಗೇಣಿಗೆ ಗೀಟು ಹಾಕಿ, ಅಡಿಗಲ್ಲಿನ ಮೇಲಿಟ್ಟು, ಗೀಟಿನಿಂದ ಗೀಟಿಗೆ ಸುತ್ತಿಗೆ ನಡೆಸಿದರು. ಒಂದು ಏಟು ಜಾಸ್ತಿ ಇಲ್ಲ, ಒಂದು ಕಡಿಮೆ ಇಲ್ಲ. ಪ್ರತಿ ಸುತ್ತಿಗೂ ದಾರ ಕಟ್ಟಿ ನೋಡುವುದು, ಮತ್ತೆ ಬಡಿಯುವುದು. ಬೆಂಕಿಗೆ ಹಾಕಲಿಲ್ಲ. ಯಾಕೆ ಎಂದು ಕೇಳಿದೆ. "ಬೆಂಕಿ ತೋರ್ಸಿದ್ರ ನೀರಿಳಿತದ್ರೀ" ಎಂದರು. ಉಕ್ಕಿಗೆ ಕಾರ್ಖಾನೆಯಲ್ಲಿ ಕಾಯಿಸಿ ಎಣ್ಣೆಯಲ್ಲದ್ದಿ ಕೊಟ್ಟ ಹದವನ್ನೇ ಅವರು ನೀರು ಎನ್ನುತ್ತಿದ್ದರು. ರಸ್ತೆ ಬದಿಯ ಒಲೆಯಲ್ಲಿ ಕೆಂಪಗೆ ಕಾಯಿಸಿದ ಎಲೆ ಬಗ್ಗುವುದೇನೋ ಸುಲಭ, ಆದರೆ ಆ ಹದ ಹೋಗಿಬಿಟ್ಟಿರುತ್ತದೆ. ವಾರದಲ್ಲಿ ಮತ್ತೆ ಚಪ್ಪಟೆಯಾಗುತ್ತದೆ, ಇಲ್ಲವೇ ಮುರಿಯುತ್ತದೆ. ಪಾಟಾದ ಹತ್ತಿರ ಬೆಸುಗೆ ಹಾಕಿಸಬಾರದು ಎನ್ನುವುದಕ್ಕೂ ಅದೇ ಕಾರಣ.

ಗ್ಯಾರೇಜಿನವರು ತೆಗೆದ ಎಲೆಗಳನ್ನು ತಮ್ಮ ಪುಣ್ಯಕ್ಕೆ ಡಿಕ್ಕಿಯಲ್ಲೇ ಇಟ್ಟುಕೊಂಡಿದ್ದ. ಅವು ಮತ್ತೆ ಕಟ್ಟಿಗೆ ಸೇರಿದವು. ಎಲೆಯೆಲೆಯ ತುಕ್ಕು ಉಜ್ಜಿ, ನಡುವೆ ಗ್ರೀಸು ಸವರಿ, ಕಿವಿಗಳಿಗೆ ಹೊಸ ರಬ್ಬರ್ ಬುಷ್ ಹಾಕಿ, ಶಾಕಲ್ ಪಿನ್ನು ಬದಲಿಸಿದರು. ಹಳೆಯ ಬುಷ್ ಅಂಗೈಯಲ್ಲಿಟ್ಟು ತೋರಿಸಿದರು. ಒಂದು ಮಗ್ಗುಲು ಪೂರ್ತಿ ಸವೆದು ಅರ್ಧಚಂದ್ರವಾಗಿತ್ತು. ತಮ್ಮನಿಗೆ ಕುಲುಕಾಟ ಎನಿಸಿದ್ದರ ಬಹುಪಾಲು ಆ ಬುಷ್ಷಿನದು ಮತ್ತು ಎಣ್ಣೆ ಸೋರಿದ್ದ ಹಳೆಯ ಶಾಕಪ್ಪಿನದು. ಸೀಳಿದ ತಗಡಿಗೆ ಅಡಿಯಿಂದ ದಪ್ಪ ಪ್ಲೇಟು ಕೊಟ್ಟು, ತೊಲೆಗೆ ಕೂಡಿಸಿ ಬೆಸೆಸಿ, ಮಾಮೂಲಿ ಶಾಕಪ್ ಹೊಸದು ಹಾಕಿದೆವು. ಸಂಜೆ ಸಿಂಧನೂರಿನ ಕಡೆ ಒಂದು ಸುತ್ತು ಹೋಗಿ ಬಂದೆವು. ಅಪ್ಪ ಓಡಿಸುತ್ತಿದ್ದಾಗ ಹಿಂದಿನ ಸೀಟಿನಲ್ಲಿ ನಿದ್ದೆ ಬರುತ್ತಿತ್ತಲ್ಲ, ಆ ತೂಗು ಮತ್ತೆ ಬಂದಿತ್ತು. ತಮ್ಮ ಏನೂ ಮಾತಾಡಲಿಲ್ಲ. ಗೇರು ಬದಲಿಸದೆ ನಿಧಾನಕ್ಕೆ ಓಡಿಸುತ್ತಲೇ ಇದ್ದ.

ಕಾನೂನಿನ ಎರಡು ಮಾತು ತಿಳಿದಿರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ನೋಂದಣಿ ಪತ್ರಕ್ಕೂ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿ ಹಿಡಿದಿದೆ. ತೊಲೆ ಕೊಯ್ಯುವ, ಬೆಸೆಯುವ ಕೆಲಸಕ್ಕೆ ಮುಂಚೆ ರಾಯಚೂರಿನ ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಳ್ಳುವುದು ಕ್ಷೇಮ. 15 ವರ್ಷ ದಾಟಿದ ಸ್ವಂತ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸುವಾಗ ಗಾಡಿ ಹೇಗೂ ಅಲ್ಲಿ ಹೋಗಿ ನಿಲ್ಲಬೇಕು. ಇನ್ನೊಂದು, 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಗಾಡಿಗೆ ವಿಎ ಅಕ್ಷರದ ಫಲಕ ಸಿಗುತ್ತದೆ. ಚಾಸಿ, ಬಾಡಿ ಅಥವಾ ಎಂಜಿನ್ನಿನ ಮೂಲ ಕೆಡಿಸಿದ್ದರೆ ಸಿಗುವುದಿಲ್ಲ. ನಮ್ಮ ಅಪ್ಪನ ಕಾರಿಗೆ 2036ರಲ್ಲಿ 50 ತುಂಬುತ್ತದೆ.

ಹಳೆಯ ಕಾರು ಇಟ್ಟುಕೊಂಡ ಕೇಳುಗರಲ್ಲಿ ನನ್ನ ಬೇಡಿಕೆ ಇಷ್ಟೇ. ಹೊಸ ಸಾಮಾನು ಕೊಳ್ಳುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಪಾಟಾ ಬಿಚ್ಚಿಸಿ ನೋಡಿ, ಬುಷ್ ನೋಡಿ, ಶಾಕಪ್ ಸೋರಿದೆಯೇ ನೋಡಿ. ಆಮೇಲೂ ಕಾಯಿಲ್‌ಓವರ್ ಬೇಕೆನಿಸಿದರೆ, ಹೌಸಿಂಗನ್ನು ಯಾವುದು ಹಿಡಿಯುತ್ತದೆ, ಮೇಲಿನ ತುದಿ ಯಾವ ತೊಲೆಗೆ ಕೂರುತ್ತದೆ ಎಂದು ಕೆಲಸಗಾರನನ್ನು ಕೇಳಿ, ಕೈಯಿಂದ ಮುಟ್ಟಿ ನೋಡಿ. ಬಿಚ್ಚಿದ ಎಲೆ, ಶಾಕಲ್, ಯು ಬೋಲ್ಟು, ಒಂದು ನಟ್ಟೂ ಬಿಡದೆ ಎಣ್ಣೆ ಸವರಿ ಚೀಲದಲ್ಲಿ ಕಟ್ಟಿ ಮನೆಗೆ ತನ್ನಿ. ಗುಜರಿಗೆ ಹಾಕಬೇಡಿ.